ಚೌಕದೊಳಗಿನ ಒತ್ತಕ್ಷರ

"ಯೇ ಕನ್ನಡಾ ನಹೀ ಹೈ ಭಾಯ್," ಎಂದಳು ಅಂಬಿಕಾ. ಮಡಗಾಂವಿನ ಸೈಬರ್ ಕೆಫೆಯ ಪರದೆಯ ಮೇಲೆ ಹುಬ್ಬಳ್ಳಿ ಕಡೆಯ ಪತ್ರಿಕೆಯೊಂದರ ಪುಟ ತೆರೆದಿತ್ತು. ಕನ್ನಡ ಇರಬೇಕಾದಲ್ಲಿ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕೆಫೆ ನಡೆಸುವ ಕಾಯ್ತಾನ್‌ಗೆ ಕನ್ನಡ ಬಾರದು. ಅಂಬಿಕಾ ಕಂಪ್ಯೂಟರ್ ಮುಟ್ಟಿದವಳಲ್ಲ.

"ಫಾಂಟ್ ನಹೀ ಹೈ. ಡಾಲ್ತಾ ಹೂಂ," ಹಾಕುತ್ತೇನೆ ಎಂದು ಅವನು ಮೌಸ್ ಹಿಡಿದ.

ಅಪ್ಪ ನಿಂಗಣ್ಣ ಹೊರಟವನಂತೆ ಬಾಗಿಲಲ್ಲೇ ನಿಂತಿದ್ದ. ಕಿರಿಮಗಳು ಜಯಶ್ರೀ ಧಾರವಾಡದ ಕಡೆ ಹಾಸ್ಟೆಲಿನಲ್ಲಿದ್ದು ಕುಸ್ತಿ ಕಲಿಯುತ್ತಿದ್ದಳು. ಹಟ ಹಿಡಿದು ಕಳಿಸಿದವಳು ಅಂಬಿಕಾ. ದಾವಣಗೆರೆಯ ಫೈನಲ್ ಗೆದ್ದರೆ ಇರಲಿ, ಸೋತರೆ ಕರೆತಂದು ಮದುವೆ ಮಾಡುತ್ತೇನೆ ಎಂದಿದ್ದ ನಿಂಗಣ್ಣ. ಕುಸ್ತಿ ನಿನ್ನೆಯೇ ಮುಗಿದಿತ್ತು. ಆಡಲು ಹೋದ ಹುಡುಗಿಯರು ಇನ್ನೂ ಹಾದಿಯಲ್ಲಿದ್ದು ಫೋನಿಗೆ ಸಿಕ್ಕಿರಲಿಲ್ಲ. ಮಡಗಾಂವಿಗೆ ಕನ್ನಡ ಪೇಪರು ಬರುವುದು ಸಂಜೆ, ಅವಳನ್ನು ಕರೆತರಲು ಹೊರಟ ಅವನ ಬಸ್ಸು ಮಧ್ಯಾಹ್ನ.

"ಆತಾ ಪಳೆ," ಈಗ ನೋಡು ಎಂದ ಕಾಯ್ತಾನ್.

ಕನ್ನಡ ಬಂದಿತ್ತು. ಆದರೆ ಒತ್ತಕ್ಷರ ಬರುವಲ್ಲೆಲ್ಲ, ಪಕ್ಕದ ಅಕ್ಷರವನ್ನೂ ನುಂಗಿದ ಖಾಲಿ ಚೌಕ. "ಜಯ... ರೇಣುಕಾ... ಸೋಲಿಸಿ..." ಅಂಬಿಕಾ ಓದುತ್ತ ತಡವರಿಸಿದಳು.

"ಯಾರು ಯಾರನ್ನ ಸೋಲಿಸ್ಯಾರ?" ನಿಂಗಣ್ಣ ಒಳಗೆ ಬಂದ.

"ಅದ ತಿಳೀವಲ್ದು ಯಪ್ಪಾ. 'ನ್ನು' ಯಾರ ಹೆಸರಿಗೆ ಹತ್ತೇತಿ ಅನ್ನೂದು ಚೌಕದಾಗ ಮುಚ್ಚೇತಿ."

"ಬಸ್ಸಿನ ಹೊತ್ತಾತು."

"ಒಂದೀಟ ತಡಿಯಪಾ."

ಈಗ ಕಾಯ್ತಾನ್‌ಗೂ ಹಟ ಬಂದಿತ್ತು. ಆ ಬ್ರೌಸರ್ ಮುಚ್ಚಿ ಇನ್ನೊಂದನ್ನು ತೆರೆದ. ಪುಟ ಮೇಲಿನಿಂದ ನಿಧಾನವಾಗಿ ಇಳಿಯತೊಡಗಿತು. ಮೂವರೂ ಪರದೆಗೆ ಮುಖ ಹಚ್ಚಿದರು. ಚೌಕಗಳಿದ್ದ ಕಡೆ ಒತ್ತುಗಳು ಮೂಡಿದವು. ಅಂಬಿಕಾ ಎದ್ದು ನಿಂತೇ ಓದಿದಳು: "ಜಯಶ್ರೀ, ರೇಣುಕಾರನ್ನು ಸೋಲಿಸಿ ಚಿನ್ನದ ಪದಕ..." ಮುಂದಿನದನ್ನು ಬಿಟ್ಟು ಅಪ್ಪನತ್ತ ತಿರುಗಿದಳು.

"ಇನ್ನೊಮ್ಮಿ ಓದು," ಎಂದ ನಿಂಗಣ್ಣ.

ಓದಿದಳು.

"ಚಲೋತ್ನ್ಯಾಗ ನೋಡಿ ಓದವಾ."

ಮತ್ತೆ ಓದಿದಳು, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು.

"ಕ್ಯಾ ಹುವಾ, ಬೋಲೋ ನಾ," ಎಂದ ಕಾಯ್ತಾನ್.

ನಿಂಗಣ್ಣನಿಗೆ ಹಿಂದಿ ಸಿಗಲಿಲ್ಲ. ಕಾಯ್ತಾನ್‌ನ ಕೈಹಿಡಿದು ಎಬ್ಬಿಸಿದ. ತೋಳನ್ನು ಅವನ ಕಂಕುಳಡಿ ತೂರಿಸಿ, ಕಾಲಿಗೆ ಕಾಲು ಕೊಟ್ಟು, ಮೆಲ್ಲಗೆ ಬಗ್ಗಿಸಿದ. "ಹಿಂಗ," ಎಂದ. ಅರ್ಧ ಬಗ್ಗಿದ್ದ ಕಾಯ್ತಾನ್ ನಗುತ್ತಿದ್ದ. ಅಂಬಿಕಾ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಗೋಡೆಯತ್ತ ಸರಿಸತೊಡಗಿದಳು.