ಏಳು ಎಂದರೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಈ ಸಂಗತಿ ಹೇಳಲಾರೆ. ಇಪ್ಪತ್ತೆರಡು ವರ್ಷದಿಂದ ಲೆಕ್ಕ ಕಲಿಸುತ್ತಿದ್ದೇನೆ. ಮಕ್ಕಳು ನನಗಿಟ್ಟ ಹೆಸರು ಮೆಣಸಿನಕಾಯಿ ಮಿಸ್. ಸರಿಯಾಗಿಯೇ ಇಟ್ಟಿದ್ದಾರೆ.

ಮೂರನೇ ಬೆಂಚಿನ ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು ದಿನ ಬೋರ್ಡಿನತ್ತ ತಿರುಗಿ, "ಮೂವತ್ತೈದನ್ನ ಐದರಿಂದ ಭಾಗಿಸಿದ್ರೆ, ಏಳು" ಎಂದೆ. ಗುಬ್ಬಿ ಧಡಕ್ಕನೆ ಎದ್ದು ನಿಂತಳು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಏನೇ, ನನ್ನ ಹತ್ರಾನೇ ತಮಾಷೆನಾ? ಗಂಟೆ ಹೊಡೆಯೋವರೆಗೂ ಹಾಗೇ ನಿಂತಿರು" ಎಂದೆ. ನಿಂತೇ ಇದ್ದಳು.

ಮರುದಿನ ಅವಳ ಅಮ್ಮ ಸ್ಟಾಫ್ ರೂಮಿಗೆ ಬಂದರು. ಬಟ್ಟೆ ಹೊಲಿಯುವವರು, ಅಳತೆ ಟೇಪು ಕೊರಳಲ್ಲೇ ಇತ್ತು. ಮಗಳು ಬೆನ್ನ ಹಿಂದೆ ಅವಿತಿದ್ದಳು.

"ಬೆಳಗಾದ್ರೆ ವಾಂತಿ ಮಾಡ್ಕೋತಾಳೆ ಮಿಸ್. ಲೆಕ್ಕ ಅಂದ್ರೆ ಕೈಕಾಲು ತಣ್ಣಗಾಗುತ್ತೆ. ಇನ್ಮೇಲೆ ಕಳಿಸಲ್ಲ, ನನ್ನ ಜೊತೆ ಗುಂಡಿ ಹಚ್ಕೊಂಡು ಇರ್ಲಿ."

"ನಿನ್ನೆ ಎಲ್ಲರನ್ನೂ ನಗಿಸೋಕೆ ಎದ್ಯಲ್ಲ, ಆಗ ಭಯ ಇರ್ಲಿಲ್ವಾ?" ಎಂದು ಹುಡುಗಿಯನ್ನು ಕೇಳಿದೆ.

ಅವಳು ನೆಲ ನೋಡುತ್ತ, "ನೀವೇ ಏಳು ಅಂದ್ರಲ್ಲ ಮಿಸ್" ಎಂದಳು.

ಕಪಾಳಕ್ಕೆ ಹೊಡೆದ ಹಾಗಾಯಿತು. ದಿನಕ್ಕೆಷ್ಟು ಸಲ ಅವಳತ್ತ ಬೆರಳು ಮಾಡಿ 'ಏಳು, ಏಳು' ಎಂದು ಗದರಿದ್ದೆನೋ. ಅದು ಅಂಕಿಯೋ ಅಪ್ಪಣೆಯೋ ಎಂದು ಯೋಚಿಸುವಷ್ಟು ಪುರುಸೊತ್ತನ್ನೂ ಆ ಮಗುವಿಗೆ ನಾನು ಕೊಟ್ಟಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ತಪ್ಪು ನನ್ನದು ಕಣೇ. ನಾಳೆಯಿಂದ ನೀನು ಕೂತೇ ಉತ್ತರ ಹೇಳು."

"ನಾನೊಬ್ಳೇನಾ, ಎಲ್ಲರೂನಾ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ಎಲ್ಲರೂ" ಎಂದೆ.

"ಒಂದು ವಾರ ನೋಡ್ತೀನಿ ಮಿಸ್. ಆಮೇಲೆ ನನ್ನ ತಡೀಬೇಡಿ" ಎಂದರು ಅಮ್ಮ.

ವಾರವಿಡೀ ನಾಲಿಗೆ ಕಚ್ಚಿಕೊಂಡೇ ಪಾಠ ಮಾಡಿದೆ. ಯಾರನ್ನೂ ಎಬ್ಬಿಸಲಿಲ್ಲ, ಅವಸರಪಡಿಸಲಿಲ್ಲ. ಆದರೂ ಗುಬ್ಬಿ ಬಾಯಿ ಬಿಡಲಿಲ್ಲ. ಕೊನೆಯ ದಿನ ಅವಳ ಪಕ್ಕ ಕೂತು, ಭಿನ್ನರಾಶಿಯ ಒಂದು ಲೆಕ್ಕ ತೋರಿಸಿ, "ಇದು?" ಎಂದೆ. ತುಂಬ ಹೊತ್ತು ಕಾದೆ.

"ಗೊತ್ತಿಲ್ಲ ಮಿಸ್" ಎಂದಳು.

ಆ ವರ್ಷ ನನ್ನ ತರಗತಿಯಲ್ಲಿ ಅವಳಾಡಿದ ಮೊದಲ ಮಾತು ಅದು.

"ಎಲ್ಲಿಂದ ಗೊತ್ತಿಲ್ಲ, ತೋರಿಸು."

ಅವಳು ಪುಸ್ತಕವನ್ನು ಹಿಂದಕ್ಕೆ ಮಗುಚುತ್ತ ಮಗುಚುತ್ತ ಹೋಗಿ, ಮೊದಲನೇ ಪಾಠದ ಮೊದಲನೇ ಲೆಕ್ಕದ ಮೇಲೆ ಬೆರಳಿಟ್ಟಳು. ಎಂಟು ತಿಂಗಳು ನಾನು ಯಾರಿಗೆ ಪಾಠ ಮಾಡುತ್ತಿದ್ದೆನೋ. "ಸರಿ, ಸೋಮವಾರ ಇಲ್ಲಿಂದಲೇ" ಎಂದೆ.

ಸಂಜೆ ಗೇಟಿನ ಹತ್ತಿರ ಅಮ್ಮ ಕಾಯುತ್ತಿದ್ದರು. ನಾನು ಮಾತು ಹುಡುಕುವಷ್ಟರಲ್ಲಿ ಗುಬ್ಬಿಯೇ ಹೇಳಿದಳು.

"ಅಮ್ಮಾ, ಸೋಮವಾರ ಮೊದಲನೇ ಪಾಠ ಅಂತೆ."