ಹದಿನೇಳನೇ ಟೋಕನ್

ದೋಹಾದಲ್ಲಿ ಸಂಸಾರ ಮಾಡುತ್ತಿರುವ ನಮ್ಮ ಹೆಂಗಸರನ್ನು, "ನೀವು ಯಾರ ವೀಸಾದಲ್ಲಿದ್ದೀರಿ?" ಎಂದು ಕೇಳಿ ನೋಡಿ. ಹೆಚ್ಚಿನವರು "ಹಸ್ಬೆಂಡ್ ವೀಸಾ" ಎಂದು ನಗುತ್ತಲೇ ಹೇಳುತ್ತಾರೆ. "ಹಸ್ಬೆಂಡ್ ಈಗ ಎಲ್ಲಿದ್ದಾರೆ?" ಎಂದು ಮತ್ತೆ ಕೇಳಿ. ಕೆಲವರ ನಗು ಅಲ್ಲಿಗೇ ನಿಲ್ಲುತ್ತದೆ. ನಟಾಶಾ ಅಂಥವರಲ್ಲಿ ಒಬ್ಬಳು.

ನಟಾಶಾ ಶಿರ್ವದವಳು, ದೋಹಾದ ನಜ್ಮಾ ಬಡಾವಣೆಯಲ್ಲಿ ಒಂದು ನರ್ಸರಿ ಶಾಲೆಯ ಟೀಚರ್. ಗಂಡ ಲ್ಯಾನ್ಸ್‌ಲಾಟ್ ಕಾರವಾರದವನು. ಅವನ ತಾಯಿ ಗೋವಾದವರು, ಆ ದಾರಿಯಲ್ಲಿ ಅವನಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಕ್ಕಿತ್ತು. ಡಿಸೆಂಬರ್ ಕೊನೆಗೆ ಐರ್ಲೆಂಡಿನಲ್ಲಿ ಕೆಲಸವೂ ಸಿಕ್ಕಿತು, ಹೊರಟ. ಇಲ್ಲಿಯ ಕಂಪನಿಗೆ ಸಂಬಳವಿಲ್ಲದ ರಜೆ ಬರೆದುಕೊಟ್ಟನೇ ಹೊರತು ವೀಸಾ ರದ್ದು ಮಾಡಿಸಲಿಲ್ಲ. "ಆರು ತಿಂಗಳೊಳಗೆ ಒಮ್ಮೆ ಬಂದು ಮುಖ ತೋರಿಸಿ ಹೋಗ್ತೇನೆ. ನಿನ್ನ ಐಡಿ, ಇಲ್ಲಿ ಇರುವ ಪರವಾನಗಿ, ಹಾಗೇ ಇರ್ತದೆ" ಎಂದ. ಗಲ್ಫಿನಲ್ಲಿ ಈ ಜಾಣತನ ಎಲ್ಲರಿಗೂ ಗೊತ್ತು. ಇದೇ ಜಾಣತನದಿಂದ ಕೆಟ್ಟ ಮನೆಗಳ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ.

ಕಂಪನಿಯ ಫ್ಲ್ಯಾಟ್ ಬಿಟ್ಟು ನಟಾಶಾ ಶಾಲೆಯ ಹತ್ತಿರ, ಟೈಲರ್ ಅಂಗಡಿಗಳ ಮೇಲಿನ ಒಂದು ಕೋಣೆಯ ಮನೆಗೆ ಬಂದಳು. ಮನೆ ಚೆನ್ನಾಗಿಯೇ ಇತ್ತು. ಆದರೆ ಮೊದಲ ವಾರದಿಂದಲೇ ಅವಳ ಫೋನಿಗೆ ಪಾರ್ಸಲ್‌ನವರ ಕರೆ ಬರತೊಡಗಿತು. "ಜರ್ಟ್ರೂಡ್ ಮೇಡಂ?" ಎಂದು ಕೇಳುವರು. ಅಲ್ಲ ಎಂದರೆ ಸುಮ್ಮನೆ ಇಟ್ಟುಬಿಡುವರು. ಕಟ್ಟಡದ ಕಾವಲಿನ ಅನ್ಸಾಫ್, ಉಳ್ಳಾಲದ ಮುದುಕ, ಅವನೂ ಒಂದು ದಿನ ಮೆಟ್ಟಿಲಲ್ಲಿ, "ಜರ್ಟ್ರೂಡ್ ಮೇಡಂ, ನೀರು ಬಂತಾ?" ಎಂದ.

"ನಾನು ನಟಾಶಾ ಅನ್ಸಾಫಣ್ಣ. ಆ ಜರ್ಟ್ರೂಡ್ ಯಾರು?"

ಅನ್ಸಾಫ್ ಕಣ್ಣುಜ್ಜಿಕೊಂಡ. "ನಿಮ್ಮ ಕೋಣೆಯಲ್ಲೇ ಇದ್ದದ್ದು ಮೇಡಂ. ಅವರ ಗಂಡ ಇಟಲಿಯವರು, ವಾಪಸ್ ಹೋದರು. ಆಮೇಲೆ ಇವರೂ ಒಂದು ಮಧ್ಯಾಹ್ನ ಬ್ಯಾಗ್ ಹಿಡ್ಕೊಂಡು ಹೋದರು. ಊರು ಮುಟ್ಟಿದ್ರಾ ಇಲ್ವಾ ಗೊತ್ತಿಲ್ಲ. ಮೇಲೆ ಬಟ್ಟೆ ಒಣಗಲಿಕ್ಕೆ ಹಾಕಿದ್ದು, ಹಾಗೇ ಉಂಟು."

ಹೌದು, ತಾರಸಿಯ ಕೊನೆಯ ಹಗ್ಗದಲ್ಲಿ ಒಂದು ನೀಲಿ ಕುರ್ತಾ ನೇತಾಡುತ್ತಿತ್ತು. ಬಿಸಿಲಿಗೆ ಬೆಳ್ಳಗಾಗಿ, ಧೂಳು ಕುಡಿದು ಹಪ್ಪಳದ ಹಾಗೆ ಸೆಟೆದಿತ್ತು. ಗಾಳಿಗೆ ಉಳಿದ ಬಟ್ಟೆಗಳೆಲ್ಲ ಹಾರಾಡಿದರೂ ಅದು ಅಲುಗುತ್ತಿರಲಿಲ್ಲ. ಅದನ್ನು ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ, ನಟಾಶಾಳಿಗೂ ಬರಲಿಲ್ಲ.

ಜೂನ್ ಬಂತು, ಲ್ಯಾನ್ಸ್‌ಲಾಟ್ ಬರಲಿಲ್ಲ. ಒಂದು ಶುಕ್ರವಾರ ಕೆಳಗಿನ ಮನೆಯ ಖೈರುನ್ನಿಸಾ ತಾರಸಿಯಲ್ಲಿ ಸಿಕ್ಕಳು. ಬಂಟ್ವಾಳದ ಕಡೆಯವಳು, ಪಕ್ಕದ ಬೀದಿಯ ಟೈಪಿಂಗ್ ಸೆಂಟರಿನಲ್ಲಿ ಹದಿನಾಲ್ಕು ವರ್ಷದಿಂದ ಜನರ ವೀಸಾ ಅರ್ಜಿಗಳನ್ನು ಅರಬಿಯಲ್ಲಿ ತುಂಬಿಕೊಡುವವಳು.

"ಎಂತ ನಟಾಶಾ, ನಿನ್ನ ಯಜಮಾನರು ಬರ್ಲಿಲ್ವಾ ಇನ್ನೂ?"

"ಇಲ್ಲ ಖೈರುನ್ನಿಸಾಕ್ಕ. ಹೊಸ ಕೆಲಸ ಅಲ್ವಾ, ರಜೆ ಸಿಗ್ಲಿಲ್ಲ."

"ಹೋಗಿ ಎಷ್ಟು ದಿನ ಆಯ್ತು? ಆರು ತಿಂಗಳು ದಾಟಿದ್ರೆ ಅವರ ವೀಸಾ ಹೋಗ್ತದೆ. ಅದರ ಮೇಲೆ ನಿಂತದ್ದು ನಿಂದು."

"ನನ್ನ ಕೆಲಸ ನಂಗೆ ಉಂಟಲ್ಲ! ಸ್ಕೂಲಿನ ಪರ್ಮಿಟ್ ಉಂಟು."

"ಕೆಲಸ ನಿಂದು ಮಾರಾಯ್ತಿ. ಇಲ್ಲಿ ಇರ್ಲಿಕ್ಕೆ ಪರವಾನಗಿ ಯಾರ ಹೆಸರಲ್ಲಿ?"

"ಅವರ ಹೆಸರಲ್ಲೇ. ಆದ್ರೆ ಅವರದ್ದು ಯುರೋಪಿನ ಪಾಸ್‌ಪೋರ್ಟ್. ಹೆಂಡತಿ ಅಂದ್ಮೇಲೆ ನಂಗೂ ಹಕ್ಕು ಇರುದಿಲ್ವಾ?"

"ಪಾಸ್‌ಪೋರ್ಟ್ ಅವರದ್ದು, ನಿಂದಲ್ಲ. ಯಾವ ದೇಶದ್ದಾದ್ರೂ ಇಲ್ಲಿ ಅವರೂ ಕೆಲಸದ ವೀಸಾದವರೇ. ಭಾನುವಾರ ಅಂಗಡಿಗೆ ಬಾ."

ನಟಾಶಾ ಹೂಂ ಎಂದಳು, ಹೋಗಲಿಲ್ಲ. ಗಂಡನ ಮಾತು ನಂಬದೆ ಅಂಗಡಿಗೆ ಹೋದರೆ ನಾಲ್ಕು ಜನ ಏನೆಂದುಕೊಂಡಾರು ಎಂಬ ನಾಚಿಕೆ. ಈ ನಾಚಿಕೆಯನ್ನು ಏನೆಂದು ಬೈಯಬೇಕೋ ನನಗೆ ತಿಳಿಯದು.

ಮರುವಾರ ಒಂದು ಮಧ್ಯಾಹ್ನ ಅವಳು ಬಟ್ಟೆ ತೆಗೆಯಲು ತಾರಸಿಗೆ ಹೋದಳು. ಉರಿ ಬಿಸಿಲು. ಅಂಗಡಿಗಳ ಬಾಗಿಲು ಎಳೆದಿತ್ತು, ಹೊಲಿಗೆ ಯಂತ್ರಗಳೂ ನಿಂತಿದ್ದವು, ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಕೊನೆಯ ಹಗ್ಗ ಖಾಲಿಯಾಗಿತ್ತು. ನೀಲಿ ಕುರ್ತಾ ಅವಳ ಹಗ್ಗದಲ್ಲಿ, ಅವಳ ಎರಡು ಬಟ್ಟೆಗಳ ನಡುವೆ, ಅವಳದೇ ಹಳದಿ ಕ್ಲಿಪ್ಪುಗಳಲ್ಲಿ ನೇತಾಡುತ್ತಿತ್ತು.

ಅಷ್ಟರಲ್ಲಿ ಫೋನ್ ಬಂತು. "ಜರ್ಟ್ರೂಡ್ ಮೇಡಂ?"

ನಟಾಶಾ ಬಾಯಿ ತೆರೆದಳು. "ಅಲ್ಲ" ಎನ್ನಬೇಕಿತ್ತು. "ಹೌದು" ಎಂದುಬಿಟ್ಟಳು. ಆಚೆಯವರು ಏನನ್ನೂ ಹೇಳದೆ ಇಟ್ಟರು. ಬಟ್ಟೆ ಬಿಟ್ಟು ಕೆಳಗೆ ಓಡಿದಳು. ಅನ್ಸಾಫ್ ದೇವರಾಣೆ ಮಾಡಿ ತಾನು ತಾರಸಿಗೇ ಹತ್ತಿಲ್ಲವೆಂದ. ಅಂಗಡಿಗಳು ತೆರೆಯುವ ಹೊತ್ತಿಗೆ ಅವಳು ಟೈಪಿಂಗ್ ಸೆಂಟರಿನ ಬಾಗಿಲಲ್ಲಿ ನಿಂತಿದ್ದಳು.

ಅಲ್ಲಿ ಸರದಿಗೆ ಪ್ಲಾಸ್ಟಿಕ್ ಟೋಕನ್ ಕೊಡುತ್ತಾರೆ. ಅವಳ ಮುಂದೆ ನಿಂತವನದು ಹದಿನಾರು, ನಟಾಶಾಳದು ಹದಿನೆಂಟು. "ಹದಿನೇಳು ಯಾರದು?" ಎಂದು ಕೇಳಿದಳು.

"ಹದಿನೇಳು ಇಲ್ಲ" ಎಂದಳು ಖೈರುನ್ನಿಸಾ. "ಯಾರೋ ತಗೊಂಡು ಹೋದ್ರು, ವಾಪಸ್ ಬರ್ಲಿಲ್ಲ. ನೀನು ಕೂತ್ಕೋ."

ಲ್ಯಾನ್ಸ್‌ಲಾಟ್ ಹೋದ ತಾರೀಖು ಕೇಳಿ ಖೈರುನ್ನಿಸಾ ಕ್ಯಾಲೆಂಡರ್ ನೋಡಿದಳು. "ಹನ್ನೊಂದು ದಿನ ಉಂಟು. ಅಷ್ಟರಲ್ಲಿ ಸ್ಕೂಲಿನವರ ಹತ್ರ ಮಾತಾಡು. ನಿನ್ನ ವೀಸಾದ ಸ್ಪಾನ್ಸರ್, ಅಂದ್ರೆ ಜವಾಬ್ದಾರಿ ಹೊರುವವರು, ಗಂಡನ ಬದಲು ಸ್ಕೂಲಿನವರು ಆಗ್ಬೇಕು. ಅದಕ್ಕೆ ಗಂಡನ ಒಪ್ಪಿಗೆ ಬೇಕು, ಅದೂ ಅವರ ವೀಸಾಕ್ಕೆ ಜೀವ ಇರುವಾಗಲೇ. ಅದು ಹೋದ ಮೇಲೆ ಖಲಾಸ್, ಓಡಾಡ್ಲಿಕ್ಕೆ ಸಿಗುದು ಸ್ವಲ್ಪವೇ ದಿನ."

"ಐರ್ಲೆಂಡಿಗೆ ಹೋಗುವುದು?"

"ಅದಕ್ಕೆ ದಾರಿ ಚೆನ್ನಾಗಿಯೇ ಉಂಟು. ಯುರೋಪಿನವರು ತಮ್ಮ ದೇಶ ಬಿಟ್ಟು ಯುರೋಪ್ ಒಕ್ಕೂಟದ್ದೇ ಇನ್ನೊಂದು ದೇಶದಲ್ಲಿ ಕೆಲಸಕ್ಕಿದ್ರೆ ಹೆಂಡತಿ ಅವರ ಜೊತೆ ಸೇರಬಹುದು. ಆ ವೀಸಾಕ್ಕೆ ಫೀಸೂ ಇಲ್ಲ. ಆದ್ರೆ ತನ್ನಷ್ಟಕ್ಕೆ ಸಿಗುದಿಲ್ಲ, ಅರ್ಜಿ ಹಾಕ್ಬೇಕು. ಮದುವೆ ಸರ್ಟಿಫಿಕೇಟನ್ನು ಹೊರದೇಶದವರೂ ಒಪ್ಪುವ ಹಾಗೆ, ಅದಕ್ಕೆ ನಮ್ಮ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಮುದ್ರೆ ಮಾಡಿಸಿಡು. ಇನ್ನೊಂದು ನೆನಪಿಡು. ಅಲ್ಲಿ ಸಿಗುವ ಕಾರ್ಡೂ ಅವರು ಆ ದೇಶದಲ್ಲಿ ಇದ್ರೆ ಮಾತ್ರ. ಅವರು ಮತ್ತೆ ಬೇರೆ ದೇಶಕ್ಕೆ ಹೊರಟ್ರೆ, ಹೊರಡುವ ಮೊದಲೇ ಅಲ್ಲಿಯ ವೀಸಾ ಕಚೇರಿಗೆ ಹೋಗಿ ಕೇಳು."

ನಟಾಶಾ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು. "ಬರ್ತೇನೆ ಅಂತ ಹೇಳಿದ್ದೇನಲ್ಲ, ಯಾಕೆ ಗಡಿಬಿಡಿ?" ಎಂದ ಅವನು. ಖೈರುನ್ನಿಸಾ ಫೋನ್ ತೆಗೆದುಕೊಂಡಳು.

"ಬರ್ಬೇಡಿ ಅಂತ ಯಾರೂ ಹೇಳ್ಲಿಲ್ಲ. ವಿಮಾನ ತಪ್ಪಿದ್ರೆ, ರಜೆ ಸಿಗದಿದ್ರೆ, ಇವಳು ಎಲ್ಲಿ ನಿಲ್ಬೇಕು? ಅದು ಹೇಳಿ."

ಆ ಕಡೆಯ ದನಿ ಮೆತ್ತಗಾಯಿತು. "ತಪ್ಪಾಯ್ತು ಅಕ್ಕ. ನಾನು ಎಂತ ಕಳಿಸ್ಬೇಕು ಹೇಳಿ" ಎಂದ.

ಶಾಲೆಯ ಮಂದೂಬ್, ಎಂದರೆ ಸರಕಾರಿ ಕಚೇರಿಗಳ ಕೆಲಸ ಮಾಡಿಸುವವರು, ಎರಡು ಸಲ ಓಡಾಡಿದರು. ಎರಡು ದಿನ ಬಾಕಿ ಇರುವಾಗ ನಟಾಶಾಳ ವೀಸಾ ಶಾಲೆಯ ಹೆಸರಿಗೆ ಬದಲಾಯಿತು. ಅಂದು ಅವಳು ಸಂತೋಷಕ್ಕೆ ಅತ್ತಳು, ಅನ್ಸಾಫನಿಗೂ ಪಾಯಸ ಕೊಟ್ಟಳು. "ನಟಾಶಾ ಮೇಡಂ, ಒಳ್ಳೇದಾಗಲಿ" ಎಂದ ಅವನು. ಪಾರ್ಸಲ್‌ನವರ ಕರೆ ಮತ್ತೆ ಬರಲಿಲ್ಲ.

ಮಾರನೆಯ ದಿನ ತಾರಸಿಗೆ ಹೋಗಿ ಅವಳು ಆ ಕುರ್ತಾವನ್ನು ಧೈರ್ಯ ಮಾಡಿ ತೆಗೆದಳು. ಮಡಿಸುವಾಗ ಜೇಬಿನಲ್ಲಿ ಏನೋ ಗಟ್ಟಿ ಸಿಕ್ಕಿತು. ಪ್ಲಾಸ್ಟಿಕ್ ಟೋಕನ್. ಅದರ ಮೇಲೆ ಹದಿನೇಳು ಎಂದಿತ್ತು.

ನಟಾಶಾ ಅದನ್ನು ಟೈಪಿಂಗ್ ಸೆಂಟರಿಗೆ ಒಯ್ದಳು. ಖೈರುನ್ನಿಸಾ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. "ಜರ್ಟ್ರೂಡ್ ಬಂದಿದ್ಲು ಹಾಗಾದ್ರೆ" ಎಂದಳು. "ಇಲ್ಲೇ ಕೂತಿದ್ಲು. ನಾನು ತಲೆ ಎತ್ತಿ ನೋಡುವಾಗ ಎದ್ದು ಹೋಗಿರ್ಬೇಕು. ಇನ್ನೊಬ್ಬರ ನಂತರ ಅವಳದೇ ಸರದಿ ಇತ್ತೇನೋ."

ಇದನ್ನು ಓದುತ್ತಿರುವ ಅಕ್ಕಂದಿರೇ, ತಂಗಿಯರೇ, ಇವತ್ತೇ ನಿಮ್ಮ ಐಡಿ ತೆಗೆದು ಸ್ಪಾನ್ಸರ್ ಹೆಸರು ಯಾರದೆಂದು ನೋಡಿ. ಅದು ಗಂಡನ ಹೆಸರಾಗಿದ್ದು ಅವರು ದೇಶ ಬಿಡುವವರಿದ್ದರೆ, ಅವರ ಸೂಟ್‌ಕೇಸ್ ತುಂಬುವ ಮೊದಲು ನಿಮ್ಮ ಕಾಗದಗಳ ಮಾತಾಡಿ. ಮದುವೆ ಸರ್ಟಿಫಿಕೇಟಿನ ಮುದ್ರೆ ಆಗಿದೆಯೇ ನೋಡಿಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಪಕ್ಕದ ಮನೆಯವರ ಮಾತು ನಂಬಿ ಕೂರದೆ ಸಂಬಂಧಪಟ್ಟ ಕಚೇರಿಯಲ್ಲೇ ಕೇಳಿ. ಕೇಳಿದರೆ ಗಂಡನ ಮೇಲೆ ನಂಬಿಕೆ ಇಲ್ಲವೆಂದು ಅರ್ಥವಲ್ಲ.

ಹದಿನೇಳನೇ ಟೋಕನ್ ಈಗ ಖೈರುನ್ನಿಸಾಳ ಮೇಜಿನ ಮೇಲೆ ಉಳಿದವುಗಳ ಜೊತೆಗಿದೆ. ನಾಳೆ ಅದು ನಿಮ್ಮ ಕೈಗೇ ಬರಬಹುದು. ಬಂದರೆ, ಕರೆಯುವವರೆಗೆ ಕೂತಿರಿ. ಎದ್ದು ಹೋಗಬೇಡಿ.