ಕೊಂಡಿ ಹಾಕಿದ್ದ ಹಗ್ಗ

ಪಳೆಯುಳಿಕೆ ಕೇಂದ್ರದ ಬಾಗಿಲು ತಳ್ಳಿದ ಕೂಡಲೇ ಡೆಲ್ಬರ್ಟ್ ಟೋಪಿ ತೆಗೆದ. ಚರ್ಚಿನಲ್ಲೂ ಹೆಂಡತಿ ವರ್ನಾ ತಿವಿಯುವವರೆಗೆ ಟೋಪಿ ತೆಗೆಯದ ಆಸಾಮಿ. ಅವಳಿಗೆ ಅದು ಯಾಕೋ ಹಿಡಿಸಲಿಲ್ಲ.

ಪೂರ್ವ ಒರೆಗಾನಿನ ಆ ಬೋಳುಗುಡ್ಡಗಳ ನಡುವೆ, ಪೇಟೆಗೂ ಅವರ ಮನೆಗೂ ಮಧ್ಯದಲ್ಲಿ, ತಂಪಾಗಿ ಕೂರಲು ಇದ್ದದ್ದು ಅದೊಂದೇ ಕಟ್ಟಡ. ದಿನಸಿ ತಂದು ಹಿಂತಿರುಗುವಾಗ ಇಬ್ಬರೂ ಅಲ್ಲಿ ನಿಲ್ಲುವುದು ರೂಢಿ. ಡೆಲ್ಬರ್ಟನ ಸೊಂಟ ಕುದುರೆ ಹತ್ತಲು ಬಿಡುವುದಿಲ್ಲ ಎಂದಾದ ಮೇಲೆ, ಹೋದ ವರ್ಷ, ದನಗಳನ್ನೆಲ್ಲ ಮಾರಿದ್ದರು. ಹಟ ಹಿಡಿದು ಮಾರಿಸಿದವಳು ವರ್ನಾಳೇ. ಅಂದಿನಿಂದ ಅವನಿಗೆ ಮನೆಯಲ್ಲಿ ಮಾತೇ ಇಲ್ಲ. ಇಲ್ಲಿನ ದೊಡ್ಡ ಗೋಡೆಚಿತ್ರದ ಮುಂದೆ ಕೂತರೆ ಮಾತ್ರ ಮುಖಕ್ಕೆ ಜೀವ ಬರುತ್ತಿತ್ತು.

ಈ ಮರುಭೂಮಿ ದಟ್ಟ ಕಾಡಾಗಿದ್ದ ಕಾಲದ ಚಿತ್ರ ಅದು. ಕೆಸರು ಹೊಳೆ, ದಡದಲ್ಲಿ ನಾಯಿಯೆತ್ತರದ, ಮೂರು ಬೆರಳಿನ ಪುಟ್ಟ ಕುದುರೆಗಳ ಹಿಂಡು. ಹಿಂದಿನ ಜೊಂಡಿನಲ್ಲಿ ಅವುಗಳನ್ನೇ ನೋಡುತ್ತಿರುವ ಯಾವುದೋ ಬೇಟೆಮೃಗದ ಎರಡು ಹಳದಿ ಕಣ್ಣು. ಎಲ್ಲೋ ಅಡಗಿಸಿಟ್ಟ ಸ್ಪೀಕರಿನಿಂದ ಜೀರುಂಡೆಗಳ ಸದ್ದು. ಯಾರೂ ಚಿತ್ರ ಮುಟ್ಟದಿರಲೆಂದು ಮುಂದೆ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಕೊಂಡಿ ಹಾಕಿದ್ದರು.

"ಆ ಮರಿ ನೋಡು," ಎಂದ ಡೆಲ್ಬರ್ಟ್. "ಹೋದ ಸಲ ದಡದಲ್ಲಿತ್ತು. ಈಗ ಕೆಸರಿಗೆ ಇಳಿದಿದೆ. ಹೂತುಹೋಗುತ್ತೆ."

"ಬಣ್ಣದ ಕುದುರೆ ಕಣಯ್ಯಾ. ಎಲ್ಲಿ ಹೂತುಹೋಗುತ್ತೆ?"

"ಇಷ್ಟು ಪ್ರಾಣಿಗಳಿವೆ. ಕಾಯೋಕೆ ಒಬ್ಬನಾದ್ರೂ ಬೇಡ್ವಾ?"

"ಹಾಗಾದ್ರೆ ನೀನೇ ಹೋಗಿ ಎಳೆದು ಹಾಕು ಪುಣ್ಯಾತ್ಮ," ಎಂದು ನಗುತ್ತ ವರ್ನಾ ಶೌಚಾಲಯಕ್ಕೆ ಹೋದಳು.

ವಾಪಸು ಬಂದಾಗ ಬೆಂಚು ಖಾಲಿ. ಅವನ ಟೋಪಿ ಮಾತ್ರ ಅಂಗಾತ ಬಿದ್ದಿತ್ತು. ಹೊರಗೆ ಅವರ ಪಿಕಪ್ಪು ಗಾಡಿ ನಿಲ್ಲಿಸಿದಲ್ಲೇ ಇತ್ತು. ರಸ್ತೆಯಲ್ಲಿ ಕಣ್ಣು ಹಾಯುವಷ್ಟು ದೂರ ನರಪಿಳ್ಳೆಯಿಲ್ಲ. ಕೇಂದ್ರದ ರೇಂಜರ್ ಹುಡುಗಿ ಟೆಸ್ ಉಗ್ರಾಣ, ಹಿತ್ತಲು ಎಲ್ಲ ತಡಕಾಡಿ ಬಂದಳು.

"ಬಾಗಿಲ ಹತ್ರಾನೇ ಇದ್ದೆ ಅಮ್ಮಾ, ಹೊರಗೆ ಯಾರೂ ಹೋಗಿಲ್ಲ."

"ಚಿತ್ರದ ಕಡೆಗೆ?"

"ಅಲ್ಲಿರೋದು ಬರೀ ಗೋಡೆ! ಹಗ್ಗಾನೂ ಹಾಕಿದ ಹಾಗೇ ಇದೆಯಲ್ಲ."

ಹಗ್ಗ ಹಾಕಿದ್ದರಿಂದಲೇ ವರ್ನಾಳ ಎದೆ ಧಸಕ್ಕೆಂದಿತು. ದನ ಸಾಕುವ ಈ ಸೀಮೆಯಲ್ಲಿ ಗೇಟು ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ದಾಟಿ ಮುಚ್ಚಬೇಕು. ಕೈ ಮುರಿದು ನೇತಾಡುತ್ತಿದ್ದ ದಿನವೂ ಡೆಲ್ಬರ್ಟ್ ಕುದುರೆಯಿಂದಿಳಿದು ಗೇಟು ಮುಚ್ಚಿಯೇ ಮನೆಗೆ ಬಂದವನು. ಅವಳು ಬಗ್ಗಿ ನೋಡಿದಳು. ಯಾವಾಗಲೂ ಈಚೆಗೆ ಇರುತ್ತಿದ್ದ ಕೊಂಡಿಯ ಬಾಯಿ ಇಂದು ಆಚೆಗಿತ್ತು. ಯಾರೋ ಒಳಗೆ ನಿಂತು ಹಾಕಿದ್ದರು.

ತಲೆಯೆತ್ತಿದಳು. ಕೆಸರಿನಲ್ಲಿದ್ದ ಮರಿ ದಡದ ಮೇಲೆ ತಾಯಿಯ ಪಕ್ಕ ನಿಂತಿತ್ತು. ಕೆಸರೆಲ್ಲ ಕಲಕಿ ಹೋಗಿತ್ತು.

ಟೆಸ್ ಷೆರಿಫ್‌ಗೆ ಫೋನ್ ಮಾಡಲು ಒಳಗೆ ಹೋದಳು. ವರ್ನಾ ಒಬ್ಬಳೇ ಉಳಿದಳು. ದನ ಮಾರಿಸಿ ಅವನ ಜೀವವನ್ನೇ ಕಿತ್ತುಕೊಂಡೆ ಎಂದು ಅವಳಿಗೆ ಈಗ ಅನಿಸಿತು. ಅವನಿಲ್ಲದ ಆ ಮನೆಗೆ ಒಬ್ಬಳೇ ಹೋಗಿ ದೀಪ ಹಚ್ಚುವುದು ಅವಳಿಂದಾಗದು. ಮುಚ್ಚಿದ ಗೇಟನ್ನು ಹುಟ್ಟಿದಾಗಿನಿಂದ ತೆರೆದಿಟ್ಟವಳಲ್ಲ. ಆದರೂ ಕೊಂಡಿ ಕಳಚಿ, ಹಗ್ಗ ಹಿಡಿದು ಪಕ್ಕಕ್ಕೆ ಸರಿದಳು.

"ಡೆಲ್, ದಾರಿ ಬಿಟ್ಟಿದೀನಿ. ಬಾ."

ಜೀರುಂಡೆಗಳ ಸದ್ದು ನಿಂತಿತು. ಹಸಿ ಕೆಸರಿನ ವಾಸನೆ ಬಂತು. ಒರೆಸಿಟ್ಟ ನೆಲದ ಮೇಲೆ ಪಚಕ್ಕೆಂದು ಒದ್ದೆ ಗುರುತೊಂದು ಮೂಡಿತು, ಮೂರು ಬೆರಳಿನದು. ಆಮೇಲೆ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ಕಣ್ಣಿಗೆ ಏನೂ ಕಾಣಲಿಲ್ಲ. ಬೆಚ್ಚನೆಯ ಮೈಗಳು ಅವಳ ಮೊಣಕಾಲಿಗೆ ಉಜ್ಜಿಕೊಂಡು ಬಾಗಿಲ ಕಡೆ ಓಡಿದವು. ಚಿತ್ರದಲ್ಲಿ ದಡ ಬರಿದಾಗುತ್ತ ಬಂತು.

ಫೋನ್ ಮುಗಿಸಿ ಬಂದ ಟೆಸ್ ಆ ಹೆಜ್ಜೆಗಳನ್ನು ನೋಡಿ ಗೋಡೆಗೊರಗಿಬಿಟ್ಟಳು. "ಅಮ್ಮಾ, ಹಗ್ಗ ಹಾಕಿ! ದಮ್ಮಯ್ಯ, ಬೇಗ ಹಾಕಿ!"

"ಸುಮ್ನಿರಮ್ಮಾ. ದನ ಹೊಡ್ಕೊಂಡು ಬರೋನು ಯಾವಾಗ್ಲೂ ಹಿಂಡಿನ ಹಿಂದೇನೇ ಬರೋದು. ಅವನಿನ್ನೂ ಬಂದಿಲ್ಲ."

ಓಟ ನಿಂತಿತು. ಕೊನೆಯ ಮರಿಯೂ ದಾಟಿ ಹೋಗಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಗ್ಗದ ಆಚೆ ಒಂದು ಹೆಜ್ಜೆ ಸದ್ದಾಯಿತು. ನಿಧಾನದ, ಭಾರದ ಹೆಜ್ಜೆ.

ವರ್ನಾ ಚಿತ್ರವನ್ನು ನೋಡಿದಳು. ಜೊಂಡು ಅಲುಗುತ್ತಿತ್ತು. ಎರಡು ಹಳದಿ ಕಣ್ಣು ಅಲ್ಲಿರಲಿಲ್ಲ.

ಬರುತ್ತಿರುವುದು ಡೆಲ್ಬರ್ಟನೋ, ಆ ಮೃಗವೋ ತಿಳಿಯದು. ಕೊಂಡಿ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಹಾಕಲಿಲ್ಲ.